ಜೂನ್–ಜುಲೈನಲ್ಲಿ ಗೆಳೆಯನ ಜೊತೆ ದಕ್ಷಿಣ ಅಮೆರಿಕ, ಟೂರ್ ಕಂಪನಿ ಇಲ್ಲದೆ: ಪ್ಲಾನ್ ನೋಡಿ ಹೇಳಿ

ಬುತ್ತಿಚೀಲ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ಕಾಲೇಜಿನ ಗೆಳೆಯ ಜೂನ್ ಮೊದಲ ವಾರ ದಕ್ಷಿಣ ಅಮೆರಿಕಕ್ಕೆ ಹೊರಡಬೇಕು ಅಂತಿದ್ದೇವೆ. ಕೈಯಲ್ಲಿ ಆರು ವಾರ ಇದೆ. ಟೂರ್ ಕಂಪನಿ ಬೇಡ. ಬೆನ್ನಿಗೊಂದು ಬ್ಯಾಗ್, ಲೋಕಲ್ ಬಸ್ಸು, ಹಾಸ್ಟೆಲ್, ಆದಲ್ಲಿ ಟೆಂಟ್. ಇಬ್ಬರಿಗೂ ಘಟ್ಟದಲ್ಲಿ ನಡೆದು ಅಭ್ಯಾಸ ಇದೆ. ಭಾನುವಾರ ಕುಮಾರಪರ್ವತ ಇಳಿದು ಸೋಮವಾರ ಆಫೀಸಿಗೆ ಹೋಗುವ ಪೈಕಿ.

ದಾರಿ ಹೀಗೆ: ಲಿಮಾ, ಕುಸ್ಕೋ, ಮಾಚು ಪಿಚು, ಟಿಟಿಕಾಕಾ ಸರೋವರ, ಲಾ ಪಾಜ್, ಉಯುನಿ ಉಪ್ಪಿನ ಬಯಲು (ಆಕಾಶವೆಲ್ಲ ನೆಲದಲ್ಲಿ ಕಾಣುತ್ತಲ್ಲ, ಆ ಫೋಟೋ ಬೇಕೇ ಬೇಕು), ಅಟಕಾಮಾ ಮರುಭೂಮಿ, ಸ್ಯಾಂಟಿಯಾಗೊ. ಅಲ್ಲಿಂದ ಕೆಳಗೆ ಖಂಡದ ದಕ್ಷಿಣ ತುದಿಯ ಪ್ಯಾಟಗೋನಿಯಾ, ಅಲ್ಲಿನ ಟೊರ‍್ರೆಸ್ ದೆಲ್ ಪೈನೆ ಪಾರ್ಕಿನ ಡಬ್ಲ್ಯೂ ಟ್ರೆಕ್, ಫಿಟ್ಜ್ ರಾಯ್ ಬೆಟ್ಟ. ಕೊನೆಗೆ ಬ್ಯೂನಸ್ ಐರಿಸ್.

ನಾನು ಶುದ್ಧ ಸಸ್ಯಾಹಾರಿ. ಅವನು ಮೊಟ್ಟೆ ತಿನ್ನುತ್ತಾನೆ. ನಾನು ಬೇಗ ನಡೆಯುತ್ತೇನೆ, ಅವನು ಹಕ್ಕಿ ಕಂಡಲ್ಲೆಲ್ಲ ಕ್ಯಾಮೆರಾ ತೆಗೆದು ನಿಲ್ಲುತ್ತಾನೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಕಾಲ್ನಡಿಗೆ

ನಿಮ್ಮ ಪ್ಲಾನ್‌ನಲ್ಲಿ ಎರಡು ಕಾಲ ಕಲಸಿಹೋಗಿವೆ. ಮೊದಲು ಅದನ್ನು ಬಿಡಿಸಿ.

ಪೆರು, ಬೊಲಿವಿಯಾದ ಬೆಟ್ಟಗಳಿಗೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣಗಾಲ. ನಡೆಯುವವರಿಗೆ ಅದೇ ಸರಿಯಾದ ಹೊತ್ತು. ಪ್ಯಾಟಗೋನಿಯಾ ಉಲ್ಟಾ. ಅಲ್ಲಿ ನವೆಂಬರ್‌ನಿಂದ ಮಾರ್ಚ್. ಜುಲೈ ಅಂದರೆ ಅಲ್ಲಿ ನಡು ಚಳಿಗಾಲ. ದಿನಕ್ಕೆ ಎಂಟು ಗಂಟೆ ಬೆಳಕು ಸಿಕ್ಕರೆ ಹೆಚ್ಚು, ದಾರಿಯಲ್ಲಿ ಹಿಮ, ಬಹುಪಾಲು ಕ್ಯಾಂಪ್‌ಗಳು ಬಂದ್. ಡಬ್ಲ್ಯೂ ಟ್ರೆಕ್ ಈ ಸಲ ಮರೆತುಬಿಡಿ.

ಉಯುನಿ ಕನ್ನಡಿಯೂ ಹಾಗೇ. ಉಪ್ಪಿನ ಮೇಲೆ ತೆಳ್ಳಗೆ ನೀರು ನಿಲ್ಲೋದು ಮಳೆಗಾಲದಲ್ಲಿ, ಹೆಚ್ಚಾಗಿ ಜನವರಿಯಿಂದ ಮಾರ್ಚ್. ಜೂನ್‌ನಲ್ಲಿ 10,000 ಚದರ ಕಿ.ಮೀ.ಗೂ ಹೆಚ್ಚು ಒಣ ಉಪ್ಪು ಇರುತ್ತೆ. ಅದೇನು ಕಮ್ಮಿ ಅಂದ್ಕೋಬೇಡಿ. ನೆಲದ ತುಂಬಾ ಆರು ಮೂಲೆಯ ಗೆರೆಗಳು, ಗೆರೆಯ ಉದ್ದಕ್ಕೂ ಬೆರಳೆತ್ತರದ ಉಪ್ಪಿನ ಅಂಚು. ಕೂತು ಕೈಯಿಟ್ಟರೆ ಚುಚ್ಚುತ್ತೆ. ನೀರು ನಿಂತಾಗ ಜೀಪ್‌ಗಳು ಎಲ್ಲ ಕಡೆ ಹೋಗುವುದಿಲ್ಲ. ಒಣಗಿದಾಗ ನಡುವೆ ಇರುವ ಇಂಕಾಹುವಾಸಿ ಗುಡ್ಡದವರೆಗೂ ಹೋಗಬಹುದು. ಗುಡ್ಡದ ತುಂಬಾ ಮನುಷ್ಯನಿಗಿಂತ ಎತ್ತರದ ಕಳ್ಳಿಗಳು.

ನಾನಾಗಿದ್ದರೆ ಲಿಮಾ, ಹುವಾರಾಜ್, ಕುಸ್ಕೋ, ಟಿಟಿಕಾಕಾ, ಲಾ ಪಾಜ್, ಉಯುನಿ, ಸ್ಯಾನ್ ಪೆದ್ರೊ ದೆ ಅಟಕಾಮಾ. ಅಷ್ಟೇ. ಆರು ವಾರಕ್ಕೆ ಅದೇ ಜಾಸ್ತಿ.

ತಿರುಗಾಲ

ಕಾಲ್ನಡಿಗೆ ಮೇಡಂ ಹೇಳಿದ್ದು ನಿಜ, ಆದರೆ ಇನ್ನೊಂದು ದಾರಿಯೂ ಇದೆ. ರಜೆಯನ್ನೇ ಜನವರಿಗೆ ತಳ್ಳಿ. ಉಯುನಿ ಕನ್ನಡಿಯೂ ಸಿಗುತ್ತೆ, ಪ್ಯಾಟಗೋನಿಯಾವೂ ಸಿಗುತ್ತೆ. ಅಷ್ಟು ದೂರ ಹೋಗಿ ಟೊರ‍್ರೆಸ್ ದೆಲ್ ಪೈನೆ ನೋಡದೆ ಬರೋದಾ ಗುರು? ಆ ಗಾಳಿಯಲ್ಲಿ ಒಂದು ಸಲ ನಿಲ್ಲಬೇಕು. ಬೆನ್ನ ಮೇಲಿನ ಬ್ಯಾಗ್ ಹಾಯಿಯಾಗಿ, ನಡೆಯುವವನನ್ನೇ ಪಕ್ಕಕ್ಕೆ ಎಳೆಯುತ್ತೆ.

ಒಂದು ಮಾತು. ಅಲ್ಲಿ ಸಿಕ್ಕಲ್ಲಿ ಟೆಂಟ್ ಹಾಕುವಂತಿಲ್ಲ. ಪ್ರತಿ ರಾತ್ರಿಯ ಕ್ಯಾಂಪ್ ಮೊದಲೇ ಬುಕ್ ಆಗಿರಬೇಕು, ಸೀಸನ್‌ನಲ್ಲಿ ತಿಂಗಳುಗಟ್ಟಲೆ ಮುಂಚೆ. ಬೆಂಕಿ ಹಚ್ಚುವುದು ಪೂರ್ತಿ ನಿಷೇಧ. 2011ರ ಕೊನೆಯಲ್ಲಿ ಹತ್ತಿದ ಕಾಡ್ಗಿಚ್ಚಿನಲ್ಲಿ ಸುಮಾರು 17,000 ಹೆಕ್ಟೇರ್ ಸುಟ್ಟುಹೋಯಿತು. ಸುಟ್ಟ ಮರಗಳು ಬಿಳಿ ಎಲುಬಿನ ಹಾಗೆ ಈಗಲೂ ದಾರಿಪಕ್ಕ ನಿಂತಿವೆ.

ಬುತ್ತಿಚೀಲ

ಜನವರಿಗೆ ರಜೆ ಸಿಗಲ್ಲ ಸರ್, ಗೆಳೆಯನ ಆಫೀಸಿನಲ್ಲಿ ವರ್ಷದ ಕೊನೆಗೇ ಕೆಲಸ ಜಾಸ್ತಿ. ಹಾಗಾಗಿ ಜೂನ್ ಖಾಯಂ. ಪ್ಯಾಟಗೋನಿಯಾ ಕೈಬಿಟ್ಟೆವು, ಮನಸ್ಸಿಲ್ಲದ ಮನಸ್ಸಿಂದ.

ಕಾಲ್ನಡಿಗೆ ಅಕ್ಕ, ಹುವಾರಾಜ್ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಯಾಕೆ ಅಲ್ಲಿ?

ಕಾಲ್ನಡಿಗೆ

ಯಾಕೆ ಅಂದರೆ ನೀವು ನಡೆಯಲು ಹೊರಟವರು, ಅದು ನಡೆಯುವವರ ಊರು. ಎದುರಿಗೆ ಕಾರ್ಡಿಯೆರಾ ಬ್ಲಾಂಕಾ, ಅಂದರೆ ಸಾಲು ಸಾಲು ಹಿಮದ ಬೆಟ್ಟಗಳು. ಪೆರುವಿನಲ್ಲೇ ಎತ್ತರವಾದ ಹುವಾಸ್ಕರಾನ್ ಅಲ್ಲೇ ಇದೆ, 6,768 ಮೀಟರ್. ಕುಸ್ಕೋ ಕಡೆ, ಮಾಚು ಪಿಚುಗೆ ನಡೆದು ಹೋಗುವ ಇಂಕಾ ಟ್ರೈಲ್‌ಗೆ ಹೋಗಬೇಕಾದರೆ ಪರ್ಮಿಟ್ ಬೇಕು, ಏಜೆನ್ಸಿ ಮೂಲಕವೇ ಹೋಗಬೇಕು. ಹುವಾರಾಜ್‌ನಲ್ಲಿ ಸ್ಟವ್, ಟೆಂಟ್, ಸ್ಲೀಪಿಂಗ್ ಬ್ಯಾಗ್ ಎಲ್ಲ ಬಾಡಿಗೆಗೆ ಸಿಗುತ್ತೆ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಒಯ್ಯಲು ಬಿಡಲ್ಲ, ಅಲ್ಲೇ ಕೊಳ್ಳಿ.

ಸಾಂತಾ ಕ್ರೂಸ್ ಟ್ರೆಕ್ ಮಾಡಿ. ಸುಮಾರು 50 ಕಿ.ಮೀ., ಸಾಮಾನ್ಯವಾಗಿ ನಾಲ್ಕು ದಿನ. ಪುಂತಾ ಯೂನಿಯನ್ ಅನ್ನೋ ಕಣಿವೆ (ಬೆಟ್ಟಸಾಲು ದಾಟುವ ಎತ್ತರದ ಸಂದು) ದಾಟಬೇಕು, 4,750 ಮೀಟರ್. ಪಾರ್ಕ್ ಟಿಕೆಟ್ ತೆಗೆದುಕೊಳ್ಳುವಾಗಲೇ ಗೈಡ್ ನಿಯಮ ಈಗ ಹೇಗಿದೆ ಅಂತ ಕೇಳಿಬಿಡಿ. ಆಗಾಗ ಬದಲಾಗುತ್ತೆ.

ಬೆಟ್ಟ ಹತ್ತದ ಒಂದು ದಿನ ಯುಂಗಾಯ್‌ಗೆ ಹೋಗಿ. ಹುವಾರಾಜ್‌ನಿಂದ ಮಿನಿಬಸ್ ಸಿಗುತ್ತೆ. 1970ರ ಮೇ 31ರಂದು ಭೂಕಂಪ ಆಗಿ, ಹುವಾಸ್ಕರಾನ್ ಬೆಟ್ಟದ ಒಂದು ಪಾಲು ಮಂಜು, ಬಂಡೆ ಸಮೇತ ಕಳಚಿ ಬಂದು ಆ ಊರನ್ನು ನಿಮಿಷಗಳಲ್ಲಿ ಮುಚ್ಚಿಹಾಕಿತು. ಸತ್ತವರು ಸಾವಿರಗಟ್ಟಲೆ. ಉಳಿದವರಲ್ಲಿ ಕೆಲವರು ಆ ಹೊತ್ತಿಗೆ ಸ್ಮಶಾನದ ದಿಬ್ಬದ ಮೇಲೆ ಇದ್ದವರು. ಈಗ ಅಲ್ಲಿ ಹುಲ್ಲು, ಗುಲಾಬಿ ಗಿಡ. ಊರ ಚೌಕದ ನಾಲ್ಕು ತಾಳೆ ಮರಗಳ ಗುರುತು ಇದೆ. ಅದನ್ನು ನೋಡಿದರೆ ಮಣ್ಣು ಎಷ್ಟೆತ್ತರ ತುಂಬಿದೆ ಅಂತ ಗೊತ್ತಾಗುತ್ತೆ. ಅಲ್ಲಿ ನಿಂತು ತಲೆಯೆತ್ತಿದರೆ ಅದೇ ಬೆಟ್ಟ, ಬೆಳ್ಳಗೆ.

ಸಣ್ಣ ಡಾಕ್ಟ್ರು

ಕುಮಾರಪರ್ವತ ಹತ್ತಿದ್ದೇವೆ ಅಂದ್ರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಲಾ ಪಾಜ್ ಊರು ಸುಮಾರು 3,600. ಅದರ ವಿಮಾನ ನಿಲ್ದಾಣ ಇರುವ ಎಲ್ ಆಲ್ಟೊ 4,000 ದಾಟುತ್ತೆ. ಕಾಲಿನ ಬಲಕ್ಕೂ ಎತ್ತರದ ಕಾಯಿಲೆಗೂ (ಮೇಲೆ ಆಮ್ಲಜನಕ ಸಾಲದೆ ಬರುವುದು) ಸಂಬಂಧ ಇಲ್ಲ. ದಿನಾ ಹತ್ತು ಕಿಲೋಮೀಟರ್ ಓಡುವವನೇ ಮೊದಲು ಮಲಗುತ್ತಾನೆ, ಯಾಕೆಂದರೆ ಅವನು ಬೇಗ ಹತ್ತಿರುತ್ತಾನೆ.

ಲಿಮಾ ಸಮುದ್ರದ ಮಟ್ಟ. ಅಲ್ಲಿಂದ ನೇರ ಕುಸ್ಕೋಗೆ ವಿಮಾನದಲ್ಲಿ ಇಳಿದರೆ ಒಂದೇ ಏಟಿಗೆ 3,400 ಮೀಟರ್. ಹಾಗೆ ಹೋದರೆ ನಿಲ್ದಾಣದಿಂದಲೇ ಕೆಳಗಿನ ಒಯಾಂತಾಯ್ತಾಂಬೊಗೆ ಹೋಗಿ ಮಲಗಿ, ಅದು 2,800. ಹುವಾರಾಜ್ ಮೊದಲು ಅಂದಿದ್ದು ಈ ಲೆಕ್ಕದಲ್ಲೂ ಒಳ್ಳೆಯದು. ಅದು 3,050. ಬಸ್ಸು ನಡುವೆ 4,000ಕ್ಕೂ ಮೇಲೆ ಹತ್ತಿ ಇಳಿಯುತ್ತೆ, ತಲೆ ಸ್ವಲ್ಪ ಹಿಡಿಯಬಹುದು, ಗಾಬರಿ ಬೇಡ. ಊರಲ್ಲಿ ಮೂರ್ನಾಲ್ಕು ದಿನ ಇದ್ದು, ಹಗಲು ಮೇಲೆ ಹತ್ತಿ ರಾತ್ರಿ ಕೆಳಗೆ ಬಂದು ಮಲಗಿ. ಆಮೇಲೆ ಟ್ರೆಕ್.

3,000 ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರದಿರಲಿ. ತಲೆನೋವು, ವಾಕರಿಕೆ ಇದ್ದರೆ ಅಲ್ಲೇ ನಿಲ್ಲಿ. ನಡೆಯುವಾಗ ತೂರಾಡುವುದು, ಮಾತು ತಡವರಿಸುವುದು, ಸುಮ್ನೆ ಕೂತಿದ್ದರೂ ಏದುಸಿರು, ಇದರಲ್ಲಿ ಯಾವುದೇ ಕಂಡರೂ ತಕ್ಷಣ ಕೆಳಗೆ. ಬೆಳಗಾಗಲಿ ಅಂತ ಕಾಯಬೇಡಿ. ಎತ್ತರಕ್ಕೆ ಮೈ ಒಗ್ಗಲು ಕೊಡುವ ಅಸಿಟಜೋಲಮೈಡ್ ಮಾತ್ರೆ ನಿಮ್ಮ ಡಾಕ್ಟರ್ ಹತ್ತಿರ ಕೇಳಿಯೇ ತಗೊಳ್ಳಿ. ಬೆರಳು ಜುಮ್ಮೆನ್ನುತ್ತೆ, ಮೂತ್ರಕ್ಕೆ ಪದೇ ಪದೇ ಎದ್ದು ಹೋಗಬೇಕಾಗುತ್ತೆ. ಟೆಂಟ್‌ನಲ್ಲಿ ಬಾಗಿಲ ಕಡೆ ಮಲಗಿ.

ಶೇಂಗಾಚಟ್ನಿ

ಊಟದ ಬಗ್ಗೆ ಯಾರೂ ಹೇಳಲಿಲ್ಲ ನೋಡ್ರಿ. ಹೊಟ್ಟೆ ಕಟ್ಟಿಕೊಂಡು ಎಷ್ಟು ಬೆಟ್ಟ ಹತ್ತುತ್ತೀರಿ?

ಮೊದಲನೆಯದು. "ವೆಜಿತೇರಿಯಾನೊ" ಅಂದರೆ ಸಾಲದು. ದನದ ಮಾಂಸ ತೆಗೆದು ಕೋಳಿ ಹಾಕಿ ಕೊಡುತ್ತಾರೆ, ನಗುನಗುತ್ತಾ. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಹಮೋನ್" ಅಂತ ಒಂದೊಂದೇ ಎಣಿಸಿ. ಮಾಂಸ, ಕೋಳಿ, ಮೀನು, ಹಂದಿ ಬೇಡ ಅಂತ. ಸೂಪಿಗೆ "ಕಾಲ್ದೊ", ಅಂದರೆ ಕುದಿಸಿದ ರಸ, ಯಾವುದು ಅಂತ ಬೇರೆ ಕೇಳಿ. ಮೇಲೆ ಬರೀ ಕಿನೋವಾ, ಆಲೂಗಡ್ಡೆ ಕಂಡರೂ ತಳದಲ್ಲಿ ಎಲುಬು ಕುದ್ದಿರುತ್ತೆ.

ಎರಡನೆಯದು. ಮಾರ್ಕೆಟ್ಟಿಗೆ ಹೋಗ್ರಿ. ನಾವು ದಿನಾ ತಿನ್ನುವ ಆಲೂಗಡ್ಡೆ, ಮೆಣಸಿನಕಾಯಿ, ಶೇಂಗಾ ಎಲ್ಲದರ ತವರು ಆ ಕಡೆಯೇ. ಆಲೂಗಡ್ಡೆ ನೇರಳೆ, ಹಳದಿ, ಕಪ್ಪು, ಶುಂಠಿಯಂತೆ ಸೊಟ್ಟ, ಏನೇನೋ. ಬೊಲಿವಿಯಾದಲ್ಲಿ ಶೇಂಗಾ ಅರೆದು ಮಾಡುವ ಸೂಪ್ ಬಹಳ ಹೆಸರುವಾಸಿ, "ಸೋಪಾ ದೆ ಮಾನಿ". ಅದಕ್ಕೂ ಮಾಂಸ ಹಾಕುತ್ತಾರೆ, ಕೇಳಿಕೊಳ್ಳಿ.

ಆದರೆ ಯಾಹ್ವಾ ಅನ್ನೋ ಖಾರದ ಚಟ್ನಿ ಮಾತ್ರ ತಪ್ಪಿಸಬೇಡಿ. ಲಾ ಪಾಜ್ ಮಾರ್ಕೆಟ್‌ನಲ್ಲಿ ಅಜ್ಜಿಯೊಬ್ಬರು ಮಾಡುತ್ತಿದ್ದುದನ್ನು ನಿಂತು ನೋಡಿದ್ದೇನೆ. ಚಪ್ಪಟೆ ಕಲ್ಲು, ಅದರ ಮೇಲೆ ಅರ್ಧಚಂದ್ರದಂಥ ಇನ್ನೊಂದು ಕಲ್ಲು. ತಿರುವುವುದಿಲ್ಲ, ತೊಟ್ಟಿಲು ತೂಗಿದ ಹಾಗೆ ಆಚೆ ಈಚೆ ವಾಲಿಸುತ್ತಾರೆ. ಟೊಮೇಟೊ, ಲೊಕೊತೊ ಅನ್ನೋ ದಪ್ಪ ಮೆಣಸಿನಕಾಯಿ, ಉಪ್ಪು, ಕಿರ್ಕಿನ್ಯಾ ಅನ್ನೋ ಘಾಟು ಸೊಪ್ಪು. ಲೊಕೊತೊ ಬೀಜ ಕರ‍್ರಗೆ ಇರುತ್ತೆ. ಖಾರ ತಿಂದು ಬೆಳೆದ ನನಗೂ ಕಣ್ಣೀರು ಬಂತು. ಬ್ರೆಡ್‌ಗೆ ಹಚ್ಚಿ ತಿಂದರೆ ಅಷ್ಟೇ ಸಾಕು.

ಅಡುಗೆ ನೀವೇ ಮಾಡಿಕೊಳ್ಳುವುದಾದರೆ ನೆನಪಿಡಿ, 3,800 ಮೀಟರ್ ಮೇಲೆ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯೋದೇ ಇಲ್ಲ, ಗ್ಯಾಸ್ ಮುಗಿಯುತ್ತೆ. ಅಲ್ಲಿನ ಮನೆಗಳಲ್ಲೂ ಕುಕ್ಕರ್ ಇರುತ್ತೆ. ಹಾಸ್ಟೆಲ್ ಅಡುಗೆಮನೆಯಲ್ಲಿ ಇದ್ದರೆ ಬಿಡಬೇಡಿ. ಬೆಟ್ಟಕ್ಕೆ ಅವಲಕ್ಕಿ, ಹುರಿದ ಹಿಟ್ಟು, ಚಟ್ನಿಪುಡಿ ಒಯ್ಯಿರಿ.

ತಿರುಗಾಲ

ಚಟ್ನಿಪುಡಿ ಅಂದ್ರಲ್ಲ, ಚಿಲಿ ಗಡಿಯ ಬಗ್ಗೆ ಹೇಳಿಬಿಡುತ್ತೇನೆ. ಉಯುನಿಯಿಂದ ಸ್ಯಾನ್ ಪೆದ್ರೊಗೆ ದಾಟುವಾಗ ಬ್ಯಾಗ್ ತೆಗೆಸಿ ನೋಡುತ್ತಾರೆ. ಹಣ್ಣು, ಬೀಜ, ಕಾಳು, ಜೇನು ವಿಷಯದಲ್ಲಿ ಅವರು ತುಂಬಾ ಕಟ್ಟುನಿಟ್ಟು. ಅರ್ಜಿಯಲ್ಲಿ "ಹೌದು, ಆಹಾರ ಇದೆ" ಅಂತ ಬರೆದರೆ ಬೇಡದ್ದನ್ನು ಎತ್ತಿಟ್ಟುಕೊಂಡು ಕಳಿಸುತ್ತಾರೆ. "ಇಲ್ಲ" ಅಂತ ಬರೆದು ಒಂದು ಸೇಬು ಸಿಕ್ಕರೂ ದಂಡ.

ಕೋಕಾ ಎಲೆಯನ್ನು ಬೊಲಿವಿಯಾದಲ್ಲೇ ಬಿಟ್ಟು ಬನ್ನಿ. ಪೆರು, ಬೊಲಿವಿಯಾದಲ್ಲಿ ಕೋಕಾ ಚಹಾ ಕಾನೂನುಬದ್ಧವೇ, ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ತಟ್ಟೆಯಲ್ಲಿ ಇಟ್ಟಿರುತ್ತಾರೆ. ನಮ್ಮ ದೇಶದಲ್ಲಿ ಅದು ಮಾದಕ ವಸ್ತುಗಳ ಕಾಯ್ದೆಯಡಿ ಬರುತ್ತೆ. ನೆನಪಿಗೆ ಅಂತ ಟೀ ಬ್ಯಾಗ್ ಸಹ ತರಬೇಡಿ.

ಕ್ಯಾಮೆರಾಬ್ಯಾಗ್

ಮೇಲೆ "ಹಕ್ಕಿ ಕಂಡಲ್ಲೆಲ್ಲ ನಿಲ್ಲುತ್ತಾನೆ" ಅಂತ ಬರೆಸಿಕೊಂಡ ಗೆಳೆಯ ನಾನೇ. ಅವನು ಲಿಂಕ್ ಕಳಿಸಿದ, ಓದಿದೆ. ಅವನು ಏನನ್ನೂ ನೋಡದೆ ನಡೆಯುತ್ತಾನೆ ಅನ್ನೋದು ಯಾಕೆ ಬರೆದಿಲ್ಲ ಕೇಳಿ.

ತಮಾಷೆ ಇರಲಿ. ಡಾಕ್ಟ್ರು ಬರೆದದ್ದು ಓದಿ ಒಂದು ಪ್ರಶ್ನೆ. ಟ್ರೆಕ್‌ನ ಎರಡನೇ ರಾತ್ರಿ ನನಗೆ ತಲೆನೋವು ಬಂತು ಅಂದ್ಕೊಳ್ಳಿ. ಅವನು ಚೆನ್ನಾಗಿದ್ದಾನೆ. ಅವನ ದಿನ ಯಾಕೆ ಹಾಳಾಗಬೇಕು? ಅವನು ಕಣಿವೆ ದಾಟಲಿ, ನಾನು ಬಂದ ದಾರಿಯಲ್ಲೇ ಇಳಿದು ಹುವಾರಾಜ್‌ನಲ್ಲಿ ಕಾಯುತ್ತೇನೆ. ಅದು ಸರಿ ಅಲ್ವಾ?

ತಿರುಗಾಲ

ಸರಿ ಅಂತಲೇ ನನ್ನ ಲೆಕ್ಕ. ಜೂನ್‌ನಲ್ಲಿ ಆ ದಾರಿಯಲ್ಲಿ ಜನ ಇರುತ್ತಾರೆ. ದಾರಿ ನೇರ ಇದೆ, ತಪ್ಪಲ್ಲ. ಇಳಿಯುವ ಬೇರೆ ಗುಂಪಿನ ಜೊತೆ ಸೇರಿಕೊಂಡರೆ ಆಯಿತು. ಇಬ್ಬರೂ ದೊಡ್ಡವರು, ಒಬ್ಬನಿಗೆ ಹುಷಾರಿಲ್ಲ ಅಂತ ಇಬ್ಬರೂ ವಾಪಸ್ ಬಂದರೆ ಆಮೇಲೆ ಹೇಳಿಕೊಳ್ಳದ ಸಿಟ್ಟೊಂದು ಒಳಗೆ ಉಳಿದುಬಿಡುತ್ತೆ. ಅದು ತಲೆನೋವಿಗಿಂತ ಕಷ್ಟ.

ಕಾಲ್ನಡಿಗೆ

ಇದನ್ನು ಒಪ್ಪಲ್ಲ, ತಿರುಗಾಲ ಅವರೇ. ಎತ್ತರದ ಕಾಯಿಲೆ ಜೋರಾದರೆ ಬುದ್ಧಿಯೂ ಕೈಕೊಡುತ್ತೆ. ಹುಷಾರಿಲ್ಲದವನು "ನಾನು ಚೆನ್ನಾಗಿದ್ದೇನೆ, ನೀನು ಹೋಗು" ಅಂತಲೇ ಹೇಳುತ್ತಾನೆ. ಅವನು ತೂರಾಡುತ್ತಿದ್ದಾನೆ ಅಂತ ಗೊತ್ತಾಗಲು, ಅವನ ಸಹಜ ನಡಿಗೆ ಹೇಗಿರುತ್ತೆ ಅಂತ ಗೊತ್ತಿರುವವರು ಪಕ್ಕದಲ್ಲಿ ಬೇಕು. ಅಲ್ಲಿ ಸಿಕ್ಕ ಫ್ರೆಂಚ್ ಗುಂಪಿಗೆ ಅದು ಗೊತ್ತಾಗಲ್ಲ. ಗೆಳೆಯನ ಜೊತೆ ಹೋಗುವುದರ ದೊಡ್ಡ ಲಾಭ ಅದೇ. ಬಿಲ್ ಹಂಚಿಕೊಳ್ಳೋದಲ್ಲ.

ನಮ್ಮ ಜೋಡಿ ಹೊರಡುವ ಮುಂಚೆ ಒಂದು ಮಾತು ಮಾಡಿಕೊಂಡಿತ್ತು. ಊರಲ್ಲಿ ಇದ್ದಾಗ ಬೇರೆ ಬೇರೆ, ಬೆಟ್ಟದಲ್ಲಿ ಒಟ್ಟಿಗೆ. ಕುಸ್ಕೋದಲ್ಲಿ ಅವಳು ಮ್ಯೂಸಿಯಂ, ನಾನು ಮಾರ್ಕೆಟ್. ಸಂಜೆ ಊಟಕ್ಕೆ ಸಿಗೋದು. ಸಿಕ್ಕಾಗ ಹೇಳಲು ಇಬ್ಬರ ಹತ್ತಿರವೂ ಏನಾದರೂ ಇರುತ್ತಿತ್ತು. ಇಡೀ ದಿನ ಅಂಟಿಕೊಂಡೇ ಇದ್ದರೆ ಎರಡನೇ ವಾರಕ್ಕೆ ಅವರ ಗೊರಕೆಯಿಂದ ಹಿಡಿದು ಚಹಾ ಹೀರುವ ಸದ್ದಿನವರೆಗೆ ಎಲ್ಲದಕ್ಕೂ ಮೈ ಉರಿಯುತ್ತೆ. ಆದರೆ ಬೆಟ್ಟದಲ್ಲಿ ಒಬ್ಬರು ಇಳಿದರೆ ಇಬ್ಬರೂ ಇಳಿಯೋದು, ವಾದ ಇಲ್ಲ. ಸಿಟ್ಟು ಉಳಿಯುತ್ತೆ ಅಂದ್ರಲ್ಲ, ಮೊದಲೇ ಮಾತಾಡಿಕೊಂಡಿದ್ದರೆ ಉಳಿಯಲ್ಲ. ಅಲ್ಲಿ, ಚಳಿಯಲ್ಲಿ, ರಾತ್ರಿ ತೀರ್ಮಾನ ಮಾಡಲು ಹೋದರೆ ಉಳಿಯುತ್ತೆ.

ನಡೆಯುವಾಗ ನಿಧಾನದವರು ಮುಂದೆ, ಜೋರಿನವರು ಹಿಂದೆ. ಬುತ್ತಿಚೀಲ ಅವರೇ, ಇದು ನಿಮಗೆ.

ಸಣ್ಣ ಡಾಕ್ಟ್ರು

ಕಾಲ್ನಡಿಗೆ ಹೇಳಿದ್ದಕ್ಕೆ ನನ್ನ ಸಹಿ. ಬರೀ ತಲೆನೋವು ಅಂದರೆ ಒಂದು ದಿನ ಅದೇ ಕ್ಯಾಂಪ್‌ನಲ್ಲಿ ನಿಂತು ನೋಡಬಹುದು, ಅದಕ್ಕೆ ಒಂದು ದಿನದ ಊಟ ಜಾಸ್ತಿ ಹೊತ್ತುಕೊಂಡಿರಿ. ಕಮ್ಮಿಯಾದರೆ ಮುಂದೆ, ಇಲ್ಲವಾದರೆ ಇಬ್ಬರೂ ಕೆಳಗೆ.

ತಿರುಗಾಲ

ತೂರಾಡೋ ಹಂತಕ್ಕೆ ಬಂದರೆ ನಾನೂ ಬಿಟ್ಟು ಹೋಗಿ ಅನ್ನಲ್ಲ ಮೇಡಂ. ಸಣ್ಣ ತಲೆನೋವಿಗೆ, ಹೊಟ್ಟೆನೋವಿಗೆಲ್ಲ ಇಬ್ಬರೂ ಇಳಿಯಬೇಕು ಅನ್ನೋದು ಮಾತ್ರ ನನಗೆ ಜಾಸ್ತಿ ಅನ್ಸುತ್ತೆ. ಇರಲಿ ಬಿಡಿ.

ಬುತ್ತಿಚೀಲ

ನಾವಿಬ್ಬರೂ ನಿನ್ನೆ ರಾತ್ರಿ ಫೋನ್‌ನಲ್ಲಿ ಮಾತಾಡಿಕೊಂಡೆವು. ಬೆಟ್ಟದಲ್ಲಿ ಒಟ್ಟಿಗೆ, ಇಳಿದರೆ ಇಬ್ಬರೂ. ಅವನು ಮೊದಲು ಒಪ್ಪಲಿಲ್ಲ, ಆಮೇಲೆ "ನಿನಗೇ ಮೊದಲು ತಲೆನೋವು ಬರುತ್ತೆ ನೋಡು" ಅಂತ ಒಪ್ಪಿದ.

ಈಗ ವೀಸಾ ಮತ್ತು ದುಡ್ಡು. ಇಬ್ಬರ ಬಳಿಯೂ ಅಮೆರಿಕದ ವೀಸಾ ಇದೆ, ಇನ್ನೂ ವರ್ಷಗಟ್ಟಲೆ ಅವಧಿ ಇದೆ.

ಕಾಲ್ನಡಿಗೆ

ಹಾಗಾದರೆ ಅರ್ಧ ತಲೆನೋವು ಕಮ್ಮಿ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ವೀಸಾ ಕನಿಷ್ಠ ಆರು ತಿಂಗಳ ಅವಧಿ ಇದ್ದರೆ ಭಾರತೀಯರಿಗೆ ಪೆರು ಪ್ರವಾಸಕ್ಕೆ ಬೇರೆ ವೀಸಾ ಬೇಡ. ಬೊಲಿವಿಯಾದ್ದು ಬೇರೆ ಮಾಡಿಸಬೇಕು. ದೆಹಲಿಯಲ್ಲಿ ದೂತಾವಾಸ ಇದೆ. ಹಲವರು ದಾರಿಯಲ್ಲೇ ಕುಸ್ಕೋ ಅಥವಾ ಪುನೊದ ಕಾನ್ಸುಲೇಟ್‌ನಲ್ಲಿ ಮಾಡಿಸುತ್ತಾರೆ. ಚಿಲಿಯದ್ದು ಟಿಕೆಟ್ ಮಾಡುವ ವಾರವೇ ದೂತಾವಾಸದ ಪುಟದಲ್ಲಿ ನೋಡಿ, ಹಳೇ ಬ್ಲಾಗ್ ನಂಬಬೇಡಿ.

ಹಳದಿ ಜ್ವರದ ಚುಚ್ಚುಮದ್ದು ಕಡ್ಡಾಯ ಅಂತಲೇ ಇಟ್ಟುಕೊಳ್ಳಿ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತೆ, ದಿನ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಕಾರ್ಡ್‌ಗೆ ಬೆಲೆ. ಬೊಲಿವಿಯಾದವರು ಕೇಳುತ್ತಾರೆ ಅನ್ನೋದು ಒಂದು ಕಡೆ. ಅದಿಲ್ಲದೆ ಪೆರು, ಬೊಲಿವಿಯಾದಿಂದ ನೇರ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಕ್ವಾರಂಟೈನ್‌ಗೆ ಹಾಕಬಹುದು.

ದುಡ್ಡಿಗೆ ಒಂದು ಉಪಾಯ. ಇಬ್ಬರೂ ಸಮ ಹಣ ಹಾಕಿದ ಒಂದು ಪರ್ಸ್ ಇರಲಿ. ಬಸ್ಸು, ಹಾಸ್ಟೆಲ್, ತರಕಾರಿ, ಗ್ಯಾಸ್ ಅದರಿಂದ. ಕಾಫಿ, ಸ್ವೆಟರ್, ಮೊಟ್ಟೆ ಅವರವರದ್ದು. ಖಾಲಿಯಾದಾಗ ಮತ್ತೆ ಸಮ ತುಂಬಿಸಿ. ಪ್ರತಿ ಚಹಾವನ್ನೂ ಮೊಬೈಲ್‌ನಲ್ಲಿ ಬರೆದು ಲೆಕ್ಕ ಹಾಕುವ ಜೋಡಿಗಳನ್ನು ನೋಡಿದ್ದೇನೆ, ದೇವರೇ ಕಾಪಾಡಬೇಕು. ಡಾಲರ್ ನೋಟು ಹೊಸದಾಗಿರಲಿ. ಮೂಲೆ ಒಂದಿಷ್ಟು ಹರಿದಿದ್ದರೂ ಬದಲಾಯಿಸಿಕೊಡಲ್ಲ, ಬೆಳಕಿಗೆ ಹಿಡಿದು ನೋಡುತ್ತಾರೆ.

ಶೇಂಗಾಚಟ್ನಿ

ಬಸ್ಸಿನಲ್ಲಿ ಚಿಕ್ಕ ಬ್ಯಾಗ್ ಮೇಲಿನ ಹಲಗೆಯಲ್ಲಿ ಇಡಬೇಡ್ರಿ, ಸೀಟಿನ ಕೆಳಗೂ ಬೇಡ. ತೊಡೆಯ ಮೇಲೆ, ಪಟ್ಟಿ ಕಾಲಿಗೆ ಸುತ್ತಿ. ಯಾರಾದರೂ ಬಟ್ಟೆ ಮೇಲೆ ಸಾಸ್ ಚೆಲ್ಲಿ ಒರೆಸಲು ಬಂದರೆ ನಿಲ್ಲದೆ ನಡೆದುಬಿಡಿ. ಅದು ಜೇಬಿಗೆ ಕೈಹಾಕುವ ಹಳೇ ಆಟ.

ಟಿಟಿಕಾಕಾ ದಡದ ಬೊಲಿವಿಯಾದ ಊರು ಕೋಪಕಬಾನಾದಿಂದ ಲಾ ಪಾಜ್‌ಗೆ ಹೋಗುವಾಗ ತಿಕಿನಾದಲ್ಲಿ ಎಲ್ಲರನ್ನೂ ಇಳಿಸುತ್ತಾರೆ, ಗಾಬರಿಯಾಗಬೇಡಿ. ಜನ ಸಣ್ಣ ದೋಣಿಯಲ್ಲಿ, ಬಸ್ಸು ಮಾತ್ರ ಮರದ ತೆಪ್ಪದ ಮೇಲೆ ಟಿಟಿಕಾಕಾ ದಾಟುತ್ತೆ. ನಿಮ್ಮ ಬ್ಯಾಗ್‌ ಹೊತ್ತ ಬಸ್ಸು ತೂಗಾಡುತ್ತಾ ಬರೋದನ್ನು ಈ ದಡದಲ್ಲಿ ನಿಂತು ನೋಡಬೇಕು. ಪಾಸ್‌ಪೋರ್ಟ್, ದುಡ್ಡು ನಿಮ್ಮ ಕೈಯಲ್ಲೇ ಇರಲಿ. ಪೆರುವಿನಿಂದ ಬೊಲಿವಿಯಾಗೆ ದಾಟಿದ ಮೇಲೆ ಗಡಿಯಾರ ಒಂದು ಗಂಟೆ ಮುಂದೆ.

ತಿರುಗಾಲ

ಒಂದು ವಾರ ಖಾಲಿ ಇಟ್ಟುಕೊಳ್ಳಿ. ಅಲ್ಲಿ ಜನ ಸಿಟ್ಟಾದರೆ ಮೊದಲು ರಸ್ತೆ ಬಂದ್ ಮಾಡುತ್ತಾರೆ, ಬೊಲಿವಿಯಾದಲ್ಲಂತೂ ಅದು ಮಾಮೂಲು. ಪೆರುವಿನಲ್ಲಿ 2023ರ ಜನವರಿಯಲ್ಲಿ ಗಲಾಟೆ ಆಗಿ ಮಾಚು ಪಿಚುವನ್ನೇ ವಾರಗಟ್ಟಲೆ ಮುಚ್ಚಿದ್ದರು. ಎಲ್ಲ ದಿನಕ್ಕೂ ಬುಕಿಂಗ್ ಮಾಡಿಟ್ಟುಕೊಂಡರೆ ಒಂದು ಬಂದ್‌ಗೆ ಮುಂದಿನದೆಲ್ಲ ಕುಸಿಯುತ್ತೆ. ಮಾಚು ಪಿಚು ಟಿಕೆಟ್ ಮಾತ್ರ ಮುಂಚೆಯೇ ತೆಗೆಯಿರಿ. ಜೂನ್ 24ಕ್ಕೆ ಕುಸ್ಕೋದಲ್ಲಿ ಇಂತಿ ರೈಮಿ ಹಬ್ಬ, ಆ ವಾರ ರೂಮ್ ಸಿಗೋದು ಕಷ್ಟ.

ಉಯುನಿಯಿಂದ ಕೆರೆಗಳ ದಾರಿಯಲ್ಲಿ ಚಿಲಿಗೆ ಹೋಗುವ ಮೂರು ದಿನ ಜೀಪ್ ಹತ್ತಲೇಬೇಕು. ಅಲ್ಲಿ ಬಸ್ಸಿಲ್ಲ, ದಾರಿಯೂ ಸರಿಯಾಗಿಲ್ಲ. ಅದಕ್ಕೆ ಬೇಜಾರಾಗಬೇಡಿ. ಹತ್ತುವ ಮುಂಚೆ ಟೈರ್ ನೋಡಿ, ಸ್ಟೆಪ್ನಿ ಇದೆಯಾ ನೋಡಿ, ಡ್ರೈವರ್ ಕುಡಿದಿದ್ದಾನಾ ನೋಡಿ. ಎರಡನೇ ರಾತ್ರಿ ಲಗೂನಾ ಕೊಲೊರಾದಾ ಹತ್ತಿರ, 4,300 ಮೀಟರ್ ಆಸುಪಾಸು. ಜುಲೈನಲ್ಲಿ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಹೋಗೋದು ಸಾಮಾನ್ಯ. ಕ್ಯಾಮೆರಾ ಬ್ಯಾಟರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟು ಮಲಗಿ. ಕೆಂಪು ಕೆರೆ, ಅದರಲ್ಲಿ ಫ್ಲೆಮಿಂಗೊ. ಕ್ಯಾಮೆರಾಬ್ಯಾಗ್ ಅವರನ್ನು ಅಲ್ಲಿಂದ ಎಬ್ಬಿಸೋದು ಡ್ರೈವರ್ ಕೆಲಸ.

ಕ್ಯಾಮೆರಾಬ್ಯಾಗ್

ಕೊನೆಯ ಪ್ರಶ್ನೆ. ಸಾಂತಾ ಕ್ರೂಸ್ ಅನ್ನು ಕಾಶಾಪಂಪಾ ಕಡೆಯಿಂದ ಹತ್ತಬೇಕಾ, ವಾಕೆರಿಯಾ ಕಡೆಯಿಂದಲಾ? ಇವನು ವಾಕೆರಿಯಾ ಅಂತಾನೆ, ಕಣಿವೆ ಬೇಗ ಸಿಗುತ್ತೆ ಅಂತ.

ಕಾಲ್ನಡಿಗೆ

ಬೇಗ ಸಿಗುತ್ತೆ ಅನ್ನೋದೇ ಅದರ ತೊಂದರೆ. ವಾಕೆರಿಯಾ ಶುರುವಾಗೋದೇ ಸುಮಾರು 3,700ರಲ್ಲಿ. ಕಾಶಾಪಂಪಾ 2,900. ಅಲ್ಲಿಂದ ಮೊದಲ ದಿನ ಬಿಸಿಲು, ಏರು, ಬೆವರು, ಬೈಕೊಳ್ಳುತ್ತೀರಿ. ಆದರೆ ಎತ್ತರ ಮೆಲ್ಲಗೆ ಏರುತ್ತೆ. ಕಣಿವೆಯ ಕೆಳಗಿನ ತಾವ್ಲಿಪಂಪಾ ಕ್ಯಾಂಪ್‌ಗೆ ಬರುವ ಹೊತ್ತಿಗೆ ಮೈ ಒಗ್ಗಿರುತ್ತೆ. ಹುಷಾರಿಲ್ಲ ಅಂದರೆ ಬಂದ ದಾರಿಯಲ್ಲೇ ಇಳಿದುಬಿಡಬಹುದು, ಇಳಿದಷ್ಟೂ ಒಳ್ಳೆಯದೇ. ವಾಕೆರಿಯಾ ಕಡೆಯಿಂದ ಹೋಗಿ ಕಣಿವೆ ದಾಟುವ ಮುಂಚೆ ಕೈಕೊಟ್ಟರೆ ವಾಪಸ್ ಹೋದರೂ 3,700ರಲ್ಲೇ ಇರುತ್ತೀರಿ, ಹುವಾರಾಜ್‌ಗೆ ಬರಲು ಮತ್ತೆ ಬೆಟ್ಟ ದಾಟುವ ರಸ್ತೆ.

ಕಾಶಾಪಂಪಾದಲ್ಲಿ ಕತ್ತೆ ಸಮೇತ ಆಳು ಸಿಗುತ್ತಾರೆ. ಟೆಂಟ್, ಅಡುಗೆ ಸಾಮಾನು ಅದರ ಮೇಲೆ ಹಾಕಿ. ಬಾಡಿಗೆ ಮಾತಾಡುವಾಗ ಆಳಿನ ಊಟ, ಅವರು ವಾಪಸ್ ಹೋಗುವ ದಿನದ ಕೂಲಿ ಎಲ್ಲ ಸೇರಿ ಎಷ್ಟು ಅಂತ ಮೊದಲೇ ಕೇಳಿ, ಆಮೇಲೆ ಹೊರಡಿ.